ಬಳಪದ ಕಲ್ಲಿನ ಕುಸುರಿ, ಪರದೆಯ ಮೇಲಿನ ಕುಸುರಿ

ಕಂಪ್ಯೂಟರಿನ ಪರದೆಯ ಮುಂದೆ ವಾರಗಟ್ಟಲೆ ಕುಳಿತು, ಹಕ್ಕಿಯ ಒಂದೊಂದು ಗರಿಯನ್ನೂ ಎಲೆಯ ಒಂದೊಂದು ನರವನ್ನೂ ಕೈಬಿಡದೆ ಬರೆದ ಚಿತ್ರವನ್ನು ಕಂಡಾಗ ಜನರಿಂದ ಎರಡು ಬಗೆಯ ಮಾತುಗಳು ಬರುವುದುಂಟು. ಎಷ್ಟೊಂದು ತಾಳ್ಮೆ ಎಂಬ ಬೆರಗು ಒಂದು ಕಡೆಯಾದರೆ, ಇದನ್ನೆಲ್ಲ ಯಂತ್ರವೇ ಮಾಡಿಕೊಟ್ಟಿತಲ್ಲವೆ ಎಂಬ ಅನುಮಾನ ಇನ್ನೊಂದು ಕಡೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ಎದುರಾಗಿ ನಿಂತಂತೆ ಕಂಡರೂ ಎರಡರ ತಳದಲ್ಲೂ ಇರುವುದು ಒಂದೇ ನಂಬಿಕೆ. ಕಲೆಯ ಬೆಲೆ ಅದಕ್ಕೆ ತಗುಲಿದ ಶ್ರಮದಲ್ಲಿದೆ ಎಂಬ ನಂಬಿಕೆ. ಬೆರಗಾದವರು ಶ್ರಮವನ್ನು ಕಂಡು ಮೆಚ್ಚುತ್ತಾರೆ, ಅನುಮಾನಪಟ್ಟವರು ಶ್ರಮವನ್ನು ಕಾಣದೆ ತಳ್ಳಿಹಾಕುತ್ತಾರೆ, ಮತ್ತು ಚಿತ್ರವು ಚಿತ್ರವಾಗಿ ಏನು ಮಾಡಿದೆ ಎಂಬ ವಿಚಾರಣೆ ಎರಡೂ ಕಡೆ ಹಾಗೆಯೇ ಉಳಿದುಬಿಡುತ್ತದೆ.

ಆ ವಿಚಾರಣೆಗೆ ಬೇಕಾದ ಪದ ಕನ್ನಡದಲ್ಲಿ ಬಹುಕಾಲದಿಂದಲೂ ಇದೆ. ಚೂರು, ಎಳೆ ಎಂಬ ಅರ್ಥಗಳಿಂದ ಹೊರಟ ‘ಕುಸುರಿ’ ಎಂಬ ಮಾತು ಚಿನ್ನ, ಮರ, ಕಲ್ಲುಗಳ ಮೇಲೆ ಕಣ್ಣಿಗೆ ಸಿಕ್ಕೂ ಸಿಗದಷ್ಟು ಸಣ್ಣದಾಗಿ ಮಾಡುವ ಕೆಲಸದ ಹೆಸರಾಗಿ ನಿಂತಿದೆ. ಡಿಜಿಟಲ್ ಕಲೆ ಎಂದರೆ ಕಾಗದ, ಕ್ಯಾನ್ವಾಸುಗಳ ಬದಲು ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ಟಿನ ಪರದೆಯನ್ನೇ ಹಲಗೆಯಾಗಿಸಿಕೊಂಡು, ಸ್ಟೈಲಸ್ ಎಂಬ ಲೇಖನಿಯಂಥ ಸಾಧನದಿಂದಲೋ ಮೌಸಿನಿಂದಲೋ ಬರೆಯುವ ಚಿತ್ರ. ಈ ಹೊಸ ಹಲಗೆಯ ಮೇಲಿನ ಕುಸುರಿ ಒಳ್ಳೆಯ ಕಲೆಯೆ ಎಂಬ ಪ್ರಶ್ನೆಯನ್ನು ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನಂಥ ಕಾಫಿ ಸೀಮೆಯ ಊರಿನಲ್ಲಿ ನಿಂತು ಕೇಳುವುದಕ್ಕೆ ತಕ್ಕ ಕಾರಣವಿದೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಇದೇ ತಾಲ್ಲೂಕಿನಲ್ಲಿದೆ. ಜಗತ್ತಿನ ಕುಸುರಿ ಕೆಲಸದ ಕುರಿತ ಯಾವ ಚರ್ಚೆಯಲ್ಲೂ ಬಿಟ್ಟುಹೋಗದ ಬೇಲೂರು, ಬೆಳಗ್ಗೆ ಹೊರಟರೆ ನೋಡಿಕೊಂಡು ಸಂಜೆಯೊಳಗೆ ಮರಳಬಹುದಾದಷ್ಟು ಹತ್ತಿರದಲ್ಲಿದೆ. ಅತಿಯಾದ ಸೂಕ್ಷ್ಮತೆ ಕಲೆಯನ್ನು ಬೆಳೆಸುತ್ತದೆಯೋ ಮುಳುಗಿಸುತ್ತದೆಯೋ ಎಂಬ ವಾದ ಪರದೆಗಳು ಹುಟ್ಟುವುದಕ್ಕೆ ಬಹಳ ಮೊದಲೇ ಈ ಸೀಮೆಯ ಕಲ್ಲುಗಳನ್ನು ಮುಂದಿಟ್ಟುಕೊಂಡು ನಡೆದಿದೆ.

ಅಂಗಡಿಯ ಬಸದಿಗಳು ಬೇಲೂರಿನ ಮುಂದೆ ತೀರ ಸರಳ. ಸಳನೆಂಬ ವೀರ ಹುಲಿಯನ್ನು ಹೊಯ್ದ ಕಥೆಯೊಂದಿಗೆ ತಳುಕು ಹಾಕಿಕೊಂಡ ವಾಸಂತಿಕೆಯ ಗುಡಿಯೂ ಅಲ್ಲಿಯೇ ಇದೆ. ಅಲ್ಲಿಂದ ಹೊರಟ ಮನೆತನ ಬಯಲಿಗಿಳಿದು ರಾಜ್ಯ ಕಟ್ಟಿ, ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸುವ ಹೊತ್ತಿಗೆ ಕಲ್ಲಿನ ಕೆಲಸದ ಸ್ವರೂಪವೇ ಬದಲಾಗಿಹೋಗಿತ್ತು. ಬದಲಾವಣೆಯ ದೊಡ್ಡ ಕಾರಣ ಕಲ್ಲೇ. ಬಳಪದ ಕಲ್ಲು ಎಂದು ಜನ ಕರೆಯುವ ಈ ಶಿಲೆ ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿದ್ದು ಗಾಳಿಗೆ ಮೈಯೊಡ್ಡಿದಂತೆ ಗಡುಸಾಗುತ್ತದೆ. ಕರಿಗಲ್ಲಿನಲ್ಲಿ ಆಗದಷ್ಟು ಸಣ್ಣ ಗೆರೆ ಇದರಲ್ಲಿ ಆಗುತ್ತದೆ, ಕೆತ್ತಿದ ಗೆರೆ ಒಂಬತ್ತು ಶತಮಾನ ನಿಲ್ಲುತ್ತದೆ. ಸಾಧನವೂ ಮಾಧ್ಯಮವೂ ಸುಲಭವಾದಾಗ ಸೂಕ್ಷ್ಮತೆ ಹೆಚ್ಚುವುದು ಇಂದಿನ ಸಂಗತಿ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬೇಲೂರಿನ ಗುಡಿಯ ಹೊರಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ ಓರೆಯಾಗಿ ನಿಂತ 38 ಮದನಿಕೆಯರೂ ಒಳಗೆ ನವರಂಗದಲ್ಲಿ 4 ಮದನಿಕೆಯರೂ ಇದ್ದಾರೆ. ಕಂಬದಿಂದ ಸೂರಿಗೆ ಆನಿಕೆಯಂತೆ ಕೊಟ್ಟ ಕಲ್ಲನ್ನೇ ಹೆಣ್ಣಿನ ಮೂರ್ತಿಯಾಗಿಸಿದ ಕೆಲಸ ಇದು. ಒಳಗಿನ ಒಬ್ಬಳ ಕೈಬಳೆ ಸಡಿಲವಾಗಿ ಮೇಲೆ ಕೆಳಗೆ ಸರಿಯುತ್ತದೆ. ಹೊರಗಿನ ಒಬ್ಬಳ ನೆತ್ತಿಯ ಮೇಲಿನ ಎಲೆಬಳ್ಳಿಯ ಮಂಟಪದಲ್ಲಿ ಹಲಸಿನ ಹಣ್ಣಿನ ಮೇಲೆ ಕುಳಿತ ನೊಣವನ್ನು ಹಿಡಿಯಲು ಹಲ್ಲಿಯೊಂದು ಹೊಂಚುಹಾಕಿದೆ. ಮಾರ್ಗದರ್ಶಿಗಳು ಕೋಲು ಚಾಚಿ ತೋರಿಸುವುದು ಇಂಥವನ್ನೇ, ಪ್ರವಾಸಿಗರು ಊರಿಗೆ ಮರಳಿ ಹೇಳುವುದೂ ಇಂಥವನ್ನೇ. ಆದರೆ ನೊಣವೊಂದನ್ನು ಕಲ್ಲಿನಲ್ಲಿ ಕಡೆದ ಮಾತ್ರಕ್ಕೆ ಆ ಮದನಿಕೆ ಶ್ರೇಷ್ಠಳಾಗಲಿಲ್ಲ. ಒಳ್ಳೆಯ ದೃಷ್ಟಿಯ ಕಣ್ಣು ನಾಲ್ಕು ಮೀಟರ್ ದೂರದಿಂದ ನೋಡುವಾಗ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರವಿರುವ ಗೆರೆಗಳನ್ನು ಮಾತ್ರ ಬೇರೆಬೇರೆಯಾಗಿ ಗುರುತಿಸಬಲ್ಲದು. ಅದಕ್ಕಿಂತ ಸಣ್ಣದೆಲ್ಲ ಒಂದರೊಳಗೊಂದು ಕಲೆತುಹೋಗುತ್ತದೆ. ಜಗತಿ ಎಂಬ ಎತ್ತರದ ಜಗಲಿಯ ಮೇಲೆ ನಿಂತು ತಲೆಯೆತ್ತಿ ನೋಡುವವನ ಈ ಮಿತಿ ಶಿಲ್ಪಿಗೆ ಕೈಯಳತೆಯಷ್ಟೇ ಚೆನ್ನಾಗಿ ಗೊತ್ತಿದ್ದಿರಬೇಕು. ಒಡವೆಗಳನ್ನು ಅವನು ಮೇಲ್ಮೈಯಲ್ಲಿ ಗೀಚಿ ಬಿಟ್ಟಿಲ್ಲ, ಅವುಗಳ ಬೆನ್ನಿಗೂ ಉಳಿಯನ್ನು ತೂರಿಸಿ ಕಲ್ಲನ್ನು ಟೊಳ್ಳು ಮಾಡಿದ್ದಾನೆ. ಆ ಟೊಳ್ಳಿನಲ್ಲಿ ಕತ್ತಲೆ ನಿಲ್ಲುತ್ತದೆ, ಕತ್ತಲೆಯ ಮುಂದೆ ಒಡವೆ ಬೆಳಗುತ್ತದೆ, ಕೆಳಗೆ ನಿಂತವರಿಗೆ ಮಣಿಗಳ ಎಣಿಕೆ ಸಿಗದಿದ್ದರೂ ಹಾರದ ಭಾರ ಸಿಗುತ್ತದೆ. ಇಲ್ಲಿ ಕುಸುರಿ ದೂರದ ನೋಟಕ್ಕೂ ದುಡಿದಿದೆ, ಹತ್ತಿರ ಹೋದವರಿಗೆ ನೊಣದಂಥ ಇನ್ನೊಂದು ಸಂತೋಷವನ್ನೂ ಕಾದಿರಿಸಿದೆ. ಮೈಯ ಬಾಗು ಮಾತ್ರ ಎರಡು ನೋಟಕ್ಕೂ ಕೆಡದೆ ಉಳಿದಿದೆ.

ಯಂತ್ರ ಮಾಡಿದ್ದು ಕಲೆಯಲ್ಲ ಎನ್ನುವವರು ಅದೇ ಗುಡಿಯ ಒಳಗೆ ಹೋಗಿ ಕಂಬಗಳನ್ನು ನೋಡಬೇಕು. ಹೊಯ್ಸಳ ಗುಡಿಗಳ ನುಣುಪಾದ ದುಂಡು ಕಂಬಗಳು, ಬಳೆಯ ಮೇಲೆ ಬಳೆ ಜೋಡಿಸಿದಂತೆ ಕಾಣುವ ಅವುಗಳ ಸುತ್ತುಗಳು, ಚನ್ನಪಟ್ಟಣದ ಗೊಂಬೆಯ ಮರವನ್ನು ತಿರುಗಿಸುವಂಥ ಚರಕಿಗೆ ಕಲ್ಲನ್ನು ಕೊಟ್ಟು ತಿರುಗಿಸಿ ಕಡೆದವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆ ಸುತ್ತುಗಳ ಕರಾರುವಾಕ್ಕಾದ ದುಂಡು ತಿರುಗುವ ಯಂತ್ರದ ಕೊಡುಗೆ. ಯಾವ ಸುತ್ತು ಎಷ್ಟು ಉಬ್ಬಬೇಕು, ಎಲ್ಲಿ ಕುಗ್ಗಬೇಕು, ಬೆಳಕು ಎಲ್ಲಿ ಜಾರಬೇಕು ಎಂಬುದು ಮನುಷ್ಯನ ತೀರ್ಮಾನ. ಒಂಬೈನೂರು ವರ್ಷಗಳಿಂದ ಆ ಕಂಬಗಳನ್ನು ಕಲೆಯೆಂದು ಕೊಂಡಾಡುತ್ತ ಬಂದವರಿಗೆ, ಸ್ಟೈಲಸ್ ಹಿಡಿದ ಕೈಯನ್ನು ಯಂತ್ರದ ನೆರವು ಪಡೆದ ಏಕೈಕ ಕಾರಣಕ್ಕೆ ಹೊರಗಿಡುವ ಹಕ್ಕಿಲ್ಲ. ಸಾಧನದ ಆಕ್ಷೇಪವನ್ನು ಇಲ್ಲಿಗೇ ಬಿಡಬಹುದು. ಅತಿ ಸೂಕ್ಷ್ಮತೆಯ ಆಕ್ಷೇಪ ಮಾತ್ರ ಇದಕ್ಕಿಂತ ಗಟ್ಟಿಯಾದದ್ದು.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಕುರಿತ ಮಾತುಗಳಲ್ಲಿ ಆ ಆಕ್ಷೇಪದ ಬೇರುಗಳು ಕಾಣುತ್ತವೆ. ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು 1876ರಲ್ಲಿ ಪ್ರಕಟಿಸಿದ ಜೇಮ್ಸ್ ಫರ್ಗುಸನ್, ತಳದ ಆನೆಗಳ ಸಾಲೊಂದೇ 710 ಅಡಿ ಉದ್ದವಿದೆಯೆಂದೂ ಅದರಲ್ಲಿ ಎರಡು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಆನೆಗಳಿವೆಯೆಂದೂ ಲೆಕ್ಕ ಕೊಟ್ಟ. ಗ್ರೀಸಿನ ಪಾರ್ಥೆನಾನ್ ದೇಗುಲವನ್ನು ಒಂದು ತುದಿಯಲ್ಲೂ ಹಳೇಬೀಡನ್ನು ಇನ್ನೊಂದು ತುದಿಯಲ್ಲೂ ಇಟ್ಟು, ಅಳತೆಯ ಶುದ್ಧಿಯೇ ಪ್ರಾಣವಾದ ಕಟ್ಟಡ ಅದು, ಮನುಷ್ಯ ಶ್ರಮದ ಉಕ್ಕುವ ಸಮೃದ್ಧಿಯೇ ಪ್ರಾಣವಾದ ಕಟ್ಟಡ ಇದು ಎಂಬ ಅರ್ಥ ಬರುವಂತೆ ವಿವೇಚಿಸಿದ. ಅವನ ಮೆಚ್ಚುಗೆ ನಿಜವಾದದ್ದು. ಆದರೆ ಶ್ರಮವನ್ನೇ ಮುಂದೆ ಮಾಡಿದ ಆ ಮೆಚ್ಚುಗೆಯಿಂದ ಹೊಯ್ಸಳ ಕಲೆಗೆ ಒಂದು ಅನ್ಯಾಯವೂ ಆಯಿತು. ಅಲಂಕಾರದ ಅತಿ, ಅಕ್ಕಸಾಲಿಗರ ಕೆಲಸವನ್ನು ಕಲ್ಲಿಗೆ ಹೊರಿಸಿದ್ದು ಎಂಬ ತೀರ್ಪು ಆಮೇಲಿನ ಬರಹಗಳಲ್ಲಿ ಸುಲಭವಾಗಿ ಬಂದು ಕೂತಿತು.

ಆನೆಗಳ ಆ ಸಾಲನ್ನೇ ತಾಳ್ಮೆಯಿಂದ ನೋಡಿದರೆ ಆ ತೀರ್ಪು ಅರ್ಧ ಮಾತ್ರ ನಿಜ ಎಂಬುದು ತಿಳಿಯುತ್ತದೆ. ಎರಡು ಸಾವಿರ ಆನೆಗಳನ್ನು ಒಂದೊಂದಾಗಿ ನೋಡಲೆಂದು ಯಾರೂ ಕೆತ್ತಲಿಲ್ಲ. ಕಟ್ಟಡದ ಭಾರವನ್ನು ಹೊರುವಂತೆ ಅವು ತೀರ ಕೆಳಗೆ ನಡೆಯುತ್ತವೆ, ಅವುಗಳ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ, ಹಂಸಗಳ ಪಟ್ಟಿಕೆಗಳು ಒಂದರ ಮೇಲೊಂದು ಬರುತ್ತವೆ, ಅವೆಲ್ಲವುಗಳ ಮೇಲೆ ದೇವತೆಗಳ ದೊಡ್ಡ ಮೂರ್ತಿಗಳು ನಿಲ್ಲುತ್ತವೆ. ಸಣ್ಣದು ಕೆಳಗೆ ಸಾಲಾಗಿ, ದೊಡ್ಡದು ಮೇಲೆ ಬಿಡಿಯಾಗಿ ಎಂಬ ಈ ಕ್ರಮದಿಂದ ಕಣ್ಣಿಗೆ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಆದರೂ ಹಳೇಬೀಡಿನ ಗೋಡೆಯ ಎಲ್ಲ ಭಾಗಗಳೂ ಒಂದೇ ಮಟ್ಟದವಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಮೂರ್ತಿಯ ತಲೆಯ ಮೇಲಿನ ಎಲೆಬಳ್ಳಿ, ಕಿರೀಟ, ಹಾರ, ಸೊಂಟದ ಪಟ್ಟಿ ಎಲ್ಲವೂ ಒಂದೇ ದನಿಯಲ್ಲಿ ಮಾತಾಡಿ ಮುಖವೇ ಮರೆಯಾಗುವ ಜಾಗಗಳು ಅಲ್ಲಿವೆ. ಅದೇ ಉಳಿ, ಅದೇ ಕಲ್ಲು, ಅಷ್ಟೇ ದಿನಗಳ ಕೆಲಸ. ಒಂದರಲ್ಲಿ ಕುಸುರಿ ರೂಪಕ್ಕೆ ಒಳಪಟ್ಟಿದೆ, ಇನ್ನೊಂದರಲ್ಲಿ ರೂಪವನ್ನು ಹೂತುಬಿಟ್ಟಿದೆ.

ಭಾರತೀಯ ಚಿತ್ರಶಾಸ್ತ್ರ ಈ ವಿವೇಕವನ್ನು ಮೊದಲೇ ಕಂಡುಕೊಂಡಿತ್ತು. ಕಾಮಸೂತ್ರಕ್ಕೆ ವ್ಯಾಖ್ಯಾನ ಬರೆದ ಯಶೋಧರ ಚಿತ್ರದ ಆರು ಅಂಗಗಳನ್ನು ಹೇಳುತ್ತಾನೆ: ರೂಪಭೇದ, ಅಂದರೆ ಒಂದು ಆಕಾರವನ್ನು ಇನ್ನೊಂದರಿಂದ ಬೇರೆಯಾಗಿ ಅರಿಯುವುದು, ಪ್ರಮಾಣ, ಅಂದರೆ ಅಳತೆ, ಭಾವ, ಲಾವಣ್ಯಯೋಜನೆ, ಅಂದರೆ ಚೆಲುವನ್ನು ಕೂಡಿಸುವುದು, ಸಾದೃಶ್ಯ, ಅಂದರೆ ಹೋಲಿಕೆ, ವರ್ಣಿಕಾಭಂಗ, ಅಂದರೆ ಬಣ್ಣಗಳ ಹದ. ಈ ಆರರಲ್ಲಿ ಸೂಕ್ಷ್ಮತೆ ಒಂದು ಪ್ರತ್ಯೇಕ ಅಂಗವಾಗಿ ಬರುವುದಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವೂ ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ಸಾಮಾನ್ಯರು ಬಣ್ಣದ ಶ್ರೀಮಂತಿಕೆಗೆ ಒಲಿಯುತ್ತಾರೆ ಎಂಬರ್ಥದಲ್ಲಿ ನೋಡುಗರ ಅಭಿರುಚಿಗಳನ್ನು ವಿಂಗಡಿಸುತ್ತದೆ. ಕುಸುರಿ ಆರು ಅಂಗಗಳಲ್ಲಿ ಯಾವುದಕ್ಕಾದರೂ ಸೇವೆ ಸಲ್ಲಿಸಬಹುದು, ತಾನೇ ಏಳನೆಯದಾಗಲಾರದು. ಆಲಂಕಾರಿಕರು ಔಚಿತ್ಯ ಎಂದು ಕರೆದದ್ದು, ಅಂದರೆ ಇರಬೇಕಾದಲ್ಲಿ ಇರಬೇಕಾದಷ್ಟೇ ಇರುವುದು, ಇಲ್ಲಿಯೂ ಒರೆಗಲ್ಲು.

ಕರ್ನಾಟಕದ ಹತ್ತಿರದ ಚರಿತ್ರೆಯಲ್ಲಿಯೇ ಎರಡು ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ಇದನ್ನು ಪರೀಕ್ಷಿಸಬಹುದು. ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ ಮೈಸೂರಿಗೆ ಮರಳಿದ ಕೆ. ವೆಂಕಟಪ್ಪನವರು (1886–1965) ಊಟಿಯ ಬೆಟ್ಟಗಳ ಮಂಜನ್ನೂ ಮೋಡವನ್ನೂ ಜಲವರ್ಣದಲ್ಲಿ ಹಿಡಿದದ್ದು ಅಪಾರ ಸಾವಧಾನದ ಕೆಲಸ. ಉಡುಪಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು (1911–1996) ನಾಟ್ಯದ ಭಂಗಿಗಳನ್ನು ಕೆಲವೇ ಗೆರೆಗಳಲ್ಲಿ ಹಾಡಿಸಿದರು. ಇವರಲ್ಲಿ ಒಬ್ಬರನ್ನು ಮೇಲಿಟ್ಟು ಇನ್ನೊಬ್ಬರನ್ನು ಕೆಳಗಿಡಲು ಗೆರೆಗಳ ಲೆಕ್ಕ ಎಂದೂ ಆಧಾರವಾಗಲಿಲ್ಲ.

ಹಾಗಿದ್ದಮೇಲೆ ಪರದೆಯ ಮೇಲಿನ ಕುಸುರಿಗೆ ಬೇರೆ ವಿಚಾರ ಏಕೆ ಬೇಕು? ಆ ಮಾಧ್ಯಮದ ಸ್ವಭಾವದಲ್ಲಿ ಕಲ್ಲಿಗೂ ಕಾಗದಕ್ಕೂ ಇಲ್ಲದ ಕೆಲವು ಗುಣಗಳಿವೆ, ಅವು ಕಲಾವಿದನಿಗೆ ಅನುಕೂಲವನ್ನೂ ಅಪಾಯವನ್ನೂ ಒಟ್ಟಿಗೇ ತರುತ್ತವೆ. ಪರದೆಯ ಚಿತ್ರ ಪಿಕ್ಸೆಲ್ ಎಂಬ ಬಣ್ಣದ ಚುಕ್ಕಿಗಳಿಂದ ಆದದ್ದು. ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕಿಗಳ ಹಲಗೆಯನ್ನು ಇಂದಿನ ಕಲಾವಿದರು ದೊಡ್ಡದೆಂದು ಭಾವಿಸುವುದಿಲ್ಲ; ಅದರಲ್ಲಿ 2 ಕೋಟಿ 40 ಲಕ್ಷ ಚುಕ್ಕಿಗಳಿರುತ್ತವೆ. ಅದನ್ನು ನೋಡುವ ಸಾಮಾನ್ಯ ಪರದೆಯಲ್ಲಾದರೋ 1920ಕ್ಕೆ 1080, ಅಂದರೆ ಸುಮಾರು 20 ಲಕ್ಷ 74 ಸಾವಿರ ಚುಕ್ಕಿಗಳು. ಚಿತ್ರವನ್ನು ಇಡಿಯಾಗಿ ನೋಡುವಾಗ ಬರೆದವನು ಇಟ್ಟ ಹತ್ತಕ್ಕೂ ಹೆಚ್ಚು ಚುಕ್ಕಿಗಳು ಕರಗಿ ಒಂದಾಗಿ ಕಾಣುತ್ತವೆ ಎಂದಾಯಿತು. ಬರೆಯುವವನು ಮಾತ್ರ ಚಿತ್ರವನ್ನು ಹಿಗ್ಗಿಸಿಕೊಂಡು, ಒಂದು ಕಣ್ಣಿನ ರೆಪ್ಪೆಯೇ ಪರದೆಯನ್ನು ತುಂಬುವಂತೆ ಮಾಡಿಕೊಂಡು, ಅಲ್ಲಿಯೇ ದಿನಗಟ್ಟಲೆ ಇರಬಲ್ಲ. ಬೇಲೂರಿನ ಶಿಲ್ಪಿ ಹತ್ತಿರದಿಂದ ಕೆತ್ತಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡದೆ ಗತಿಯಿರಲಿಲ್ಲ, ಏಕೆಂದರೆ ಕಲ್ಲಿಗೆ ಒಂದೇ ಅಳತೆ. ಪರದೆಯ ಚಿತ್ರಕ್ಕೆ ನಿಜವಾದ ಅಳತೆಯೆಂಬುದೇ ಇಲ್ಲ. ಎಷ್ಟು ದೂರದಿಂದ ನೋಡಬೇಕು ಎಂಬುದನ್ನು ಅದು ಹೇಳುವುದಿಲ್ಲ, ಕಲಾವಿದನೇ ಗೊತ್ತುಮಾಡಿಕೊಳ್ಳಬೇಕು. ಗೊತ್ತುಮಾಡಿಕೊಳ್ಳದೆ ಹೊರಟವನ ಚಿತ್ರದಲ್ಲಿ ಪ್ರತಿ ಅಂಗುಲವೂ ಒಂದೊಂದು ಚಿತ್ರವಾಗಿರುತ್ತದೆ, ಇಡಿಯಾಗಿ ಮಾತ್ರ ಯಾವುದೂ ಇರುವುದಿಲ್ಲ.

ಇನ್ನೊಂದು ಗುಣ ಹಿಂದಕ್ಕೆ ಮರಳುವ ಸೌಲಭ್ಯ. ಉಳಿಯ ಒಂದು ತಪ್ಪು ಏಟಿಗೆ ಮೂಗು ಹಾರಿಹೋದರೆ ಅದು ಹೋಯಿತು. ಪರದೆಯಲ್ಲಿ ಒಂದು ಗುಂಡಿ ಒತ್ತಿದರೆ ಗೆರೆ ಅಳಿದು ಮೊದಲಿನ ಸ್ಥಿತಿ ಬರುತ್ತದೆ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಬೇರೆಬೇರೆ ಪದರಗಳಲ್ಲಿ ಬರೆದು, ಬೇಡವಾದ ಪದರವನ್ನು ಎತ್ತಿಹಾಕಬಹುದು. ಒಂದು ಎಲೆಯನ್ನು ಬರೆದು ಸಾವಿರ ಎಲೆಗಳಾಗಿ ಹರಡಬಹುದು. ಇದರಿಂದ ಧೈರ್ಯ ಬರುತ್ತದೆ, ಬಡ ಮನೆಯ ಹುಡುಗಿಗೂ ಬಣ್ಣದ ಖರ್ಚಿಲ್ಲದೆ ಸಾವಿರ ಸಲ ತಿದ್ದಿ ಕಲಿಯುವ ಅವಕಾಶ ಬರುತ್ತದೆ; ಇದು ಸಣ್ಣ ಲಾಭವೇನಲ್ಲ. ಆದರೆ ಸಾಕು ಎಂದು ಹೇಳುವ ಶಕ್ತಿ ಇಲ್ಲಿ ವಸ್ತುವಿಗೆ ಇಲ್ಲ. ಜಲವರ್ಣದ ಕಾಗದ ಒಂದು ಹಂತದಲ್ಲಿ ನೀರು ಕುಡಿಯುವುದನ್ನು ನಿಲ್ಲಿಸುತ್ತದೆ, ಕಲ್ಲು ತೆಳುವಾದಲ್ಲಿ ಮುರಿಯುತ್ತದೆ. ಪರದೆ ಎಷ್ಟು ಹೇರಿದರೂ ಹೊತ್ತುಕೊಳ್ಳುತ್ತದೆ.

ಗೋಣಿಬೀಡಿನ ಸುತ್ತಲಿನ ಕಾಫಿ ತೋಟವೊಂದನ್ನೇ ಚಿತ್ರದ ವಸ್ತುವಾಗಿ ತೆಗೆದುಕೊಂಡರೆ ಈ ಮಾತು ಇನ್ನಷ್ಟು ತಿಳಿಯಾಗುತ್ತದೆ. ಸಿಲ್ವರ್ ಓಕ್, ಹಾಲುವಾಣ, ಕಾಡುಮರಗಳ ನೆರಳಿನ ಕೆಳಗೆ ಕಾಫಿ ಗಿಡಗಳು, ಗಿಡಗಳಿಗೆ ಎಣೆಯಿಲ್ಲದ ಎಲೆಗಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಹೂಮಳೆ ಬಿದ್ದ ಕೆಲವು ದಿನಗಳಿಗೆ ರೆಂಬೆಯುದ್ದಕ್ಕೂ ಬಿಳಿಯ ಹೂವಿನ ಗೊಂಚಲು. ಎಲೆಯೊಂದಕ್ಕೆ ಹತ್ತು ನರಗಳಂತೆ ಇವನ್ನೆಲ್ಲ ಒಂದೇ ಸಮನೆ ಬರೆದ ಚಿತ್ರ ಸಸಿಗಳ ಪಟ್ಟಿಯಾದೀತು, ತೋಟವಾಗಲಾರದು. ತೋಟದೊಳಗೆ ನಿಂತವರ ಅನುಭವಕ್ಕೆ ಬರುವುದು ಎಲೆಗಳ ಲೆಕ್ಕವಲ್ಲ, ಮೇಲಿನ ಕೊಂಬೆಗಳಿಂದ ಸೋಸಿ ಬಂದ ಬೆಳಕು ಒಂದೆರಡು ಕಡೆ ಮಾತ್ರ ಬಿದ್ದು ಉಳಿದದ್ದೆಲ್ಲ ಹಸಿರುಗಪ್ಪಾಗಿ ಹಿಂದೆ ಸರಿದಿರುವುದು. ಬೆಳಕು ಬಿದ್ದ ಆ ಒಂದು ರೆಂಬೆಯ ಹೂವುಗಳನ್ನು ಎಸಳೆಸಳಾಗಿ ಬರೆದು, ನೆರಳಿನಲ್ಲಿರುವ ಸಾವಿರ ಎಲೆಗಳನ್ನು ಕತ್ತಲೆಗೆ ಬಿಟ್ಟುಕೊಟ್ಟವನ ಚಿತ್ರದಲ್ಲಿ ಕುಸುರಿ ಕಡಿಮೆಯಿದ್ದೀತು, ಮಲೆನಾಡು ಹೆಚ್ಚಿರುತ್ತದೆ.

ಇದರ ಅರ್ಥ ಕಡಿಮೆ ಬರೆದದ್ದೆಲ್ಲ ಒಳ್ಳೆಯದು ಎಂದಲ್ಲ. ಇಡಿಯ ಕುಸುರಿಯೇ ಅರ್ಥವಾಗಿ ನಿಲ್ಲುವ ಚಿತ್ರಗಳ ದೊಡ್ಡ ಪರಂಪರೆಯೊಂದಿದೆ. ಜರ್ಮನಿಯ ಡ್ಯೂರರ್ 1502ರಲ್ಲಿ ಬರೆದ ಎಳೆಯ ಮೊಲ, ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದ ಹಕ್ಕಿಗಳು ಆ ಸಾಲಿನವು. ಅಲ್ಲಿ ಪ್ರತಿ ರೋಮವೂ ಪ್ರತಿ ಗರಿಯೂ ಕಲಾವಿದ ಆ ಜೀವವನ್ನು ಎಷ್ಟು ಹೊತ್ತು, ಎಷ್ಟು ಪ್ರೀತಿಯಿಂದ ನೋಡಿದ ಎಂಬುದರ ದಾಖಲೆ. ಅಂಥ ಕುಸುರಿ ತಿಳಿವಳಿಕೆಯೇ ಆಗಿರುತ್ತದೆ. ಕಾಫಿ ಸೀಮೆಯ ಮಂಗಟ್ಟೆ ಹಕ್ಕಿಯನ್ನು ಪರದೆಯ ಮೇಲೆ ಬರೆಯುವವರಿಗೂ ಈ ದಾರಿ ತೆರೆದಿದೆ. ಇಲ್ಲಿನ ತೋಟಗಳಲ್ಲಿ ಕಾಣುವ ಬೂದು ಮಂಗಟ್ಟೆಯ ಕೊಕ್ಕಿನ ಮೇಲೆ ದೊಡ್ಡ ಮಂಗಟ್ಟೆಗಿರುವಂಥ ಶಿರಸ್ತ್ರಾಣದ ಉಬ್ಬು ಇಲ್ಲ. ಅದರ ಕಣ್ಣಿಗೆ ರೆಪ್ಪೆಗೂದಲು ಉಂಟು. ಚೆಂದಕ್ಕೆಂದು ಉಬ್ಬನ್ನು ಸೇರಿಸಿ, ಅದರ ಮೇಲೆ ಎಷ್ಟೇ ನುಣುಪಾದ ಹೊಳಪು ತಂದರೂ ಅದು ಬೇರೆ ಹಕ್ಕಿಯಾಯಿತು. ರೆಪ್ಪೆಗೂದಲನ್ನು ಕಂಡು ಬರೆದವನ ಒಂದು ಗೆರೆ ಆ ಹೊಳಪಿನ ಎಲ್ಲ ಗಂಟೆಗಳಿಗಿಂತ ಮೇಲು. ಮೂಡಿಗೆರೆಯ ತೋಟದಲ್ಲಿ ನೆಲೆಸಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ, ಕನ್ನಡಕ್ಕೆ ಕಂಪ್ಯೂಟರ್ ಒಗ್ಗಬೇಕೆಂದು ಕೊನೆಯವರೆಗೂ ಹಂಬಲಿಸಿದ ಪೂರ್ಣಚಂದ್ರ ತೇಜಸ್ವಿಯವರು (1938–2007) ನೋಡುವುದನ್ನೂ ಯಂತ್ರವನ್ನೂ ಎದುರಾಳಿಗಳೆಂದು ಎಣಿಸಲಿಲ್ಲ ಎಂಬುದನ್ನು ಈ ಸೀಮೆಯ ಕಲಾವಿದರು ಮರೆಯಬಾರದು.

ಕನ್ನಡ ನಾಡಿನ ಅಂಚಿನಿಂದ ಬಂದ, ಜಗತ್ತಿಗೆ ಹೆಚ್ಚು ಪರಿಚಿತವಾದ ಡಿಜಿಟಲ್ ಚಿತ್ರವೊಂದು ಕುಸುರಿಯ ಪೂರ್ತಿ ಇನ್ನೊಂದು ತುದಿಯಲ್ಲಿದೆ. ಯಕ್ಷಗಾನದ ಪಾರ್ತಿಸುಬ್ಬನ ಊರಾದ ಕಾಸರಗೋಡು ಜಿಲ್ಲೆಯ ಕುಂಬಳೆಯವರಾದ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರ ಗಣೇಶೋತ್ಸವದ ಧ್ವಜಕ್ಕೆಂದು ಹನುಮಂತನ ಮುಖವನ್ನು ಕೇಸರಿ, ಕಪ್ಪು ಬಣ್ಣಗಳಲ್ಲಿ ರಚಿಸಿದರು. ಕೆಲವೇ ಚಪ್ಪಟೆ ಆಕಾರಗಳು, ಅರ್ಧ ನೆರಳಿಗೆ ಬಿಟ್ಟ ಮುಖ, ಗಂಟಿಕ್ಕಿದ ಹುಬ್ಬು. ಆಮೇಲೆ ಅದು ದೇಶದ ಉದ್ದಗಲಕ್ಕೂ ಕಾರುಗಳ ಗಾಜಿನ ಮೇಲೆ, ಬೈಕುಗಳ ಮೇಲೆ ಹರಡಿತು; ಅದರ ಭಾವದ ಕುರಿತೂ ರಾಜಕೀಯ ಬಳಕೆಯ ಕುರಿತೂ ಬಿಸಿ ಚರ್ಚೆಗಳು ನಡೆದವು. ಆ ಚರ್ಚೆಯ ತೀರ್ಮಾನ ಏನೇ ಇರಲಿ, ಚಲಿಸುವ ವಾಹನದ ಹಿಂದಿನ ಗಾಜಿನಲ್ಲಿ ಕ್ಷಣಮಾತ್ರ ಕಂಡರೂ ಗುರುತು ಸಿಗುವ ಆ ಚಿತ್ರ ತನ್ನ ನೋಟದ ದೂರವನ್ನು ಸರಿಯಾಗಿ ಅರಿತಿದೆ ಎಂಬುದನ್ನು ಅಲ್ಲಗಳೆಯಲಾಗದು. ಆ ಮುಖಕ್ಕೆ ಸಾವಿರ ರೋಮಗಳನ್ನು ಸೇರಿಸಿದ್ದರೆ ಧ್ವಜದ ಮೇಲೆ ಅದು ಬರಿಯ ಮಸುಕಾಗುತ್ತಿತ್ತು.

ಶ್ರಮದ ಲೆಕ್ಕಕ್ಕೆ ಮಾರುಕಟ್ಟೆ ಕೊಡುವ ಮರ್ಯಾದೆ ಮಾತ್ರ ಬಹಳ ದೊಡ್ಡದು. ಬೀಪಲ್ ಎಂಬ ಹೆಸರಿನಲ್ಲಿ ಕೆಲಸ ಮಾಡುವ ಅಮೆರಿಕದ ಕಲಾವಿದರೊಬ್ಬರು 2007ರ ಮೇ 1ರಿಂದ ದಿನಕ್ಕೊಂದರಂತೆ ಮಾಡಿದ 5000 ಚಿತ್ರಗಳನ್ನು ಒಂದೇ ಹಲಗೆಯಲ್ಲಿ ಜೋಡಿಸಿದ ಡಿಜಿಟಲ್ ಕೃತಿ 2021ರ ಮಾರ್ಚ್‌ನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 6 ಕೋಟಿ 93 ಲಕ್ಷ ಡಾಲರಿಗೆ ಹೋಯಿತು. ಹದಿಮೂರು ವರ್ಷಗಳ ದಿನಚರಿಯ ಶಿಸ್ತು ಗೌರವಕ್ಕೆ ಅರ್ಹ. ಆದರೆ ದಿನಗಳ ಎಣಿಕೆಯೇ ಕೃತಿಯ ಹೆಸರಾಗಿ ಕುಳಿತಾಗ ಚಿತ್ರಗಳ ಗುಣದ ಮಾತು ಹಿಂದೆ ಸರಿಯಿತು. ಇದಕ್ಕೆ ವಿರುದ್ಧವಾದ ಮೊಕದ್ದಮೆಯೊಂದು 1878ರಲ್ಲಿ ಲಂಡನ್ನಿನಲ್ಲಿ ನಡೆದಿತ್ತು. ಕತ್ತಲಲ್ಲಿ ಸಿಡಿದು ಬೀಳುವ ಬಾಣಬಿರುಸನ್ನು ಕೆಲವೇ ಬಣ್ಣದ ಹನಿಗಳಲ್ಲಿ ಹಿಡಿದ ವಿಸ್ಲರನ ಚಿತ್ರಕ್ಕೆ 200 ಗಿನಿ ಬೆಲೆಯಿತ್ತು. ಅದನ್ನು ವಿಮರ್ಶಕ ರಸ್ಕಿನ್ ಕಟುವಾಗಿ ಜರೆದಿದ್ದ. ಮಾನನಷ್ಟದ ದಾವೆ ಹೂಡಿದ ವಿಸ್ಲರನನ್ನು ಎರಡು ದಿನದ ಕೆಲಸಕ್ಕೆ ಅಷ್ಟು ಹಣವೆ ಎಂದು ಕೇಳಿದಾಗ, ಬೆಲೆ ಇಡೀ ಬದುಕಿನ ಅರಿವಿಗೆ ಎಂಬರ್ಥದ ಉತ್ತರ ಬಂತು. ಅವನು ಗೆದ್ದ, ಪರಿಹಾರವಾಗಿ ದೊರೆತದ್ದು ಒಂದು ಫಾರ್ದಿಂಗ್, ಅಂದರೆ ಪೆನ್ನಿಯ ಕಾಲು ಭಾಗ.

ಭಾರತದ ಕಾನೂನು ಕೂಡ ಇದೇ ಜಾಗಕ್ಕೆ ಬಂದು ನಿಂತಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಚಿತ್ರ, ಶಿಲ್ಪ, ರೇಖಾಚಿತ್ರಗಳನ್ನು ಅವುಗಳಲ್ಲಿ ಕಲಾತ್ಮಕ ಗುಣ ಇರಲಿ ಇಲ್ಲದಿರಲಿ ಕಲಾಕೃತಿಗಳೆಂದೇ ಗಣಿಸುತ್ತದೆ. ಅಂದರೆ ಕಲೆಯೆ ಎಂಬ ಪ್ರಶ್ನೆಯನ್ನು ಒಳ್ಳೆಯ ಕಲೆಯೆ ಎಂಬ ಪ್ರಶ್ನೆಯಿಂದ ಬೇರೆಯಾಗಿಡುತ್ತದೆ. ಇನ್ನು ಸ್ವಂತಿಕೆಗೆ ಬೆವರು ಸುರಿಸಿದರೆ ಸಾಕೆ ಎಂಬ ವಿಚಾರ ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಬರಿಯ ಶ್ರಮವೂ ಬಂಡವಾಳವೂ ಸಾಲದು, ಕೌಶಲ ಮತ್ತು ವಿವೇಚನೆ ಕೃತಿಯಲ್ಲಿ ಕಾಣಬೇಕು ಎಂಬ ತೀರ್ಪು 2007ರ ಡಿಸೆಂಬರಿನಲ್ಲಿ ಹೊರಬಿತ್ತು. ಆ ವ್ಯಾಜ್ಯ ನ್ಯಾಯಾಲಯದ ತೀರ್ಪುಗಳ ಮುದ್ರಣಕ್ಕೆ ಸಂಬಂಧಿಸಿದ್ದಾದರೂ, ವಿವೇಚನೆ ಎಂಬ ಆ ಒಂದು ಪದ ಚಿತ್ರಕಲೆಗೂ ಅಷ್ಟೇ ಸಲ್ಲುತ್ತದೆ.

2022ರಿಂದೀಚೆಗೆ ಆ ಪದಕ್ಕೆ ತುರ್ತು ಹೆಚ್ಚಿದೆ. ನಾಲ್ಕು ಮಾತು ಬರೆದು ಕೊಟ್ಟರೆ ಕ್ಷಣಗಳಲ್ಲಿ ಚಿತ್ರ ಮಾಡಿಕೊಡುವ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳು ಆ ವರ್ಷ ಜನರ ಕೈಗೆ ಬಂದವು. ಅದೇ ಆಗಸ್ಟಿನಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಮೇಳದ ಡಿಜಿಟಲ್ ಕಲಾ ವಿಭಾಗದಲ್ಲಿ ಅಂಥ ವ್ಯವಸ್ಥೆಯಿಂದ ಪಡೆದ ಚಿತ್ರಕ್ಕೇ ಬಹುಮಾನ ಬಂದು ಗದ್ದಲವಾಯಿತು. ಈ ವ್ಯವಸ್ಥೆಗಳಿಗೆ ಅತಿ ಅಗ್ಗವಾಗಿ ಸಿಗುವುದು ಕುಸುರಿಯೇ. ಕಸೂತಿ, ಕಲ್ಲಿನ ಬಿರುಕು, ನವಿಲುಗರಿಗಳನ್ನು ಎಷ್ಟು ಬೇಕಾದರೂ ತುಂಬಿಕೊಡಬಲ್ಲವು. ಕುಸುರಿ ಕಂಡಲ್ಲಿ ತಾಳ್ಮೆಯ ಮನುಷ್ಯನೊಬ್ಬ ಇದ್ದಾನೆ ಎಂದು ಸಾವಿರಾರು ವರ್ಷಗಳಿಂದ ನಂಬಿಕೊಂಡು ಬಂದ ಸಾಕ್ಷ್ಯ ಇದರಿಂದ ಕುಸಿದುಬಿದ್ದಿದೆ. ತಿಂಗಳುಗಟ್ಟಲೆ ಕೈಯಾರೆ ಬರೆದವರಿಗೆ ಇದು ನೋವಿನ ಸಂಗತಿ, ಆ ನೋವು ನ್ಯಾಯವಾದದ್ದೂ ಹೌದು. ಅವರ ಕೆಲಸವನ್ನು ಉಳಿಸುವ ದಾರಿ ಗಂಟೆಗಳ ಲೆಕ್ಕ ಒಪ್ಪಿಸುವುದರಲ್ಲಿ ಇಲ್ಲ. ಈ ಗೆರೆ ಇಲ್ಲಿಯೇ ಏಕೆ, ಅಲ್ಲಿ ಏಕೆ ಇಲ್ಲ ಎಂಬ ಪ್ರಶ್ನೆಗೆ ಚಿತ್ರವೇ ಉತ್ತರ ಕೊಡುವಂತಿರುವುದರಲ್ಲಿದೆ.

ಬೇಲೂರಿನ ಜನರ ಬಾಯಲ್ಲಿ ಉಳಿದ ಎರಡು ಐತಿಹ್ಯಗಳು ಈ ಮಾತಿಗೆ ಬಹಳ ಹತ್ತಿರ ಬರುತ್ತವೆ. ಜಕಣಾಚಾರಿ ಕೆತ್ತಿದ ಮೂರ್ತಿಗೆ ಗಂಧ ಬಳಿದಾಗ ಎಲ್ಲ ಕಡೆಯೂ ಒಣಗಿ ಹೊಟ್ಟೆಯ ಬಳಿ ಮಾತ್ರ ಹಸಿಯಾಗಿ ಉಳಿಯಿತೆಂದೂ, ಅಲ್ಲಿ ಕಲ್ಲನ್ನು ಒಡೆದಾಗ ಒಳಗಿದ್ದ ಕಪ್ಪೆ ಹೊರಬಂತೆಂದೂ ಕಪ್ಪೆ ಚೆನ್ನಿಗರಾಯನ ಕಥೆ ಹೇಳುತ್ತದೆ. ಶಾಸನಗಳಲ್ಲಿ ಸಿಗುವುದು ಜಕಣಾಚಾರಿಯ ಹೆಸರಲ್ಲ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರದು. ಆದರೂ ಹೊರಗಿನ ಕುಸುರಿ ಎಷ್ಟು ಪೂರ್ಣವಾಗಿದ್ದರೂ ಒಳಗಿನ ದೋಷವನ್ನು ಮುಚ್ಚಲಾರದು ಎಂಬುದನ್ನು ಕುಸುರಿಯ ರಾಜಧಾನಿಯ ಜನರೇ ಕಥೆಯಾಗಿ ಕಟ್ಟಿಕೊಂಡರು. ಮತ್ತೊಂದು ಐತಿಹ್ಯ ನವರಂಗದ ನರಸಿಂಹ ಕಂಬದ್ದು. ಅಡಿಯಿಂದ ಮುಡಿಯವರೆಗೆ ಚಿಕ್ಕ ಚಿಕ್ಕ ಮೂರ್ತಿಗಳು ಕಿಕ್ಕಿರಿದ ಆ ಕಂಬದಲ್ಲಿ ಒಂದು ಪುಟ್ಟ ಜಾಗ ಖಾಲಿಯಾಗಿದೆ. ಇದಕ್ಕೆ ತಕ್ಕದ್ದನ್ನು ಕೆತ್ತಬಲ್ಲವನು ಬರಲಿ ಎಂದು ಶಿಲ್ಪಿ ಬಿಟ್ಟ ಜಾಗ ಅದು ಎಂಬುದು ಪ್ರತೀತಿ. ಕಾರಣ ಯಾವುದೇ ಇರಲಿ, ಅಷ್ಟೊಂದು ತುಂಬಿದ ಕಂಬದಲ್ಲಿ ಕಣ್ಣು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಖಾಲಿಯ ಮೇಲೆಯೇ.

ಪರದೆಯ ಮೇಲೆ ತಾಳ್ಮೆಯಿಂದ ಬರೆದ ಕುಸುರಿ ಚಿತ್ರ ಕಲೆಯೇ, ಅದರಲ್ಲಿ ಅನುಮಾನವಿಲ್ಲ. ಒಳ್ಳೆಯ ಕಲೆಯಾಗಲು ಅದು ಕಲ್ಲಿನ ಕುಸುರಿ ಕೊಟ್ಟ ಪರೀಕ್ಷೆಯನ್ನೇ ಕೊಡಬೇಕು, ಅದಕ್ಕಿಂತ ಕಠಿಣವಾದದ್ದೂ ಬೇಡ, ಸುಲಭವಾದದ್ದೂ ಬೇಡ. ಶಾಲೆ ಕಾಲೇಜುಗಳಲ್ಲಿ ಡಿಜಿಟಲ್ ಚಿತ್ರಗಳಿಗೆ ಸ್ಪರ್ಧೆ ಏರ್ಪಡಿಸುವವರು ಎಷ್ಟು ಗಂಟೆ ತಗುಲಿತು ಎಂಬ ಕಾಲಂ ತೆಗೆದುಹಾಕಲಿ, ಚಿತ್ರವನ್ನು ಹಿಗ್ಗಿಸದೆ ಇಡಿಯಾಗಿ ಒಮ್ಮೆ ನೋಡಿದ ಮೇಲೆಯೇ ಹತ್ತಿರಕ್ಕೆ ಹೋಗಲಿ. ಮೂಡಿಗೆರೆ, ಕಳಸ, ಗೋಣಿಬೀಡುಗಳ ಚಿತ್ರಕಲಾ ಶಿಕ್ಷಕರು ಟ್ಯಾಬ್ಲೆಟ್ ಹಿಡಿದ ತಮ್ಮ ಮಕ್ಕಳನ್ನು ಒಂದು ದಿನ ಬೇಲೂರಿಗೆ ಕರೆದೊಯ್ದು, ಮದನಿಕೆಯೊಬ್ಬಳ ಕೆಳಗೆ ನಿಲ್ಲಿಸಿ, ನಿಂತಲ್ಲಿಂದ ಕಾಣುವಷ್ಟನ್ನೇ ಬರೆಯಲು ಹೇಳಲಿ. ಆ ಪ್ರವಾಸದಲ್ಲಿ ಅಂಗಡಿಯ ಸರಳ ಬಸದಿಗಳಿಗೂ ಒಂದು ಗಂಟೆ ಇರಲಿ.